ಇಫ್ತಾರಿನ ನಂತರದ ಅಳತೆ

ಬೆಂಚಿನ ಕೊನೆಯಲ್ಲಿ ಕೂತಿದ್ದವಳು ರಬಾಬ್ ಎಂದು ಇನಾಸ್‌ಗೆ ಮೊದಲ ನೋಟಕ್ಕೇ ಗೊತ್ತಾಯಿತು. ಗೊತ್ತಾಗದವಳ ಹಾಗೆ, ಕೈಯಲ್ಲಿದ್ದ ಫೋನನ್ನು ನೋಡುತ್ತ, ಅದರಲ್ಲಿ ಏನೂ ಇಲ್ಲದಿದ್ದರೂ ನೋಡುತ್ತ, ಅವಳನ್ನು ದಾಟಿ ಒಳಗೆ ಬಂದು ಬಾಗಿಲು ಎಳೆದುಕೊಂಡಳು. ಹೊರಗೆ ಹೊಲಗಳಲ್ಲಿ ಭತ್ತದ ಹುಲ್ಲು ಸುಡುವ ಕಾಲ. ಮನ್ಸೂರಾ ಊರಿನ ಮೇಲೆ ಹೊಗೆ ಕಂಬಳಿಯಂತೆ ಕವಿದಿತ್ತು; ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ಅತ್ತು ಮುಗಿಸಿದವರ ಹಾಗೆ ಕೆಂಪು ಕಣ್ಣು ಮಾಡಿಕೊಂಡಿದ್ದರು. ರಬಾಬ್ ಒಬ್ಬಳದೇ ಕೆಂಪಾಗಿರಲಿಲ್ಲ. ಅಥವಾ ಇನಾಸ್ ಅಷ್ಟು ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಗದ್ದದ ಮೇಲಿನ ಹೊಲಿಗೆಯ ಗುರುತನ್ನು, ಎಡಗೈಗೆ ಸುತ್ತಿದ್ದ ಬ್ಯಾಂಡೇಜನ್ನು, ಪಕ್ಕದಲ್ಲಿ ತಾಯಿ ತೊಡೆಯ ಮೇಲಿಟ್ಟುಕೊಂಡಿದ್ದ, ಹೂವಿನ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆಯನ್ನು. ಇಷ್ಟೆಲ್ಲ ನೋಡಲು ಎರಡು ಹೆಜ್ಜೆಯ ಹೊತ್ತು ಸಾಕಾಗಿತ್ತು. ಕಣ್ಣು ನೋಡುವುದೇ ಕೆಲಸವಾದವಳು ಕಣ್ಣೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದಳು.

"ಚಿಕ್ಕ ಮಕ್ಕಳಿರೋರನ್ನ ಮೊದಲು ಕಳ್ಸು," ಎಂದಳು ನರ್ಸ್ ತಹಾನಿಗೆ.

"ಚಿಕ್ಕ ಮಕ್ಕಳು ಯಾರೂ ಇಲ್ಲ ಡಾಕ್ಟರ್."

"ಹಾಗಾದ್ರೆ ವಯಸ್ಸಾದವರನ್ನ."

ತಹಾನಿ ಅವಳ ಮುಖವನ್ನೊಮ್ಮೆ ನೋಡಿ ಹೊರಗೆ ಹೋದಳು. ತಹಾನಿಯದು ಎಲ್ಲವನ್ನೂ ಒಮ್ಮೆ ಮಾತ್ರ ನೋಡುವ ಸ್ವಭಾವ. ಹಾಗೆ ನೋಡಿದ್ದು ಸಂಜೆಯೊಳಗೆ ಮೇಲಿನ ಮಹಡಿಯವರೆಗೂ ತಲುಪಿರುತ್ತಿತ್ತು.

ಗುರುವಾರ ಇನಾಸ್‌ಳ ಮೌಖಿಕ ಪರೀಕ್ಷೆ. ಮೂರ್ಛೆರೋಗಕ್ಕೆ ಕೊಡುವ ಒಂದು ಮಾತ್ರೆಯಿಂದ ಕಣ್ಣಿನ ಒತ್ತಡ ಏರುತ್ತದೆ, ಅದನ್ನು ನುಂಗುವವರಲ್ಲಿ ಗ್ಲಾಕೋಮಾದ ಅನುಮಾನ ಹುಟ್ಟಿಸುವ ಕಣ್ಣುಗಳು ಜಾಸ್ತಿ ಎಂದು ತೋರಿಸುವ ಪ್ರಬಂಧ ಅವಳದು. ಕಪ್ಪು ರಟ್ಟು, ಚಿನ್ನದ ಅಕ್ಷರ, ಅಚ್ಚಾಗಿ ಬಂದು ವಿಭಾಗದ ಕಪಾಟಿನಲ್ಲಿ ಕೂತಿತ್ತು. ಅದು ಪಾಸಾದರೆ ಅವಳು ವಿಭಾಗದಲ್ಲೇ ಉಳಿಯುತ್ತಾಳೆ. ಇಲ್ಲದಿದ್ದರೆ ಯಾವುದೋ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಣ್ಣಿನ ಕಸ ತೆಗೆಯುತ್ತ ಇರಬೇಕು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಮೆಟ್ಟಿಲ ತನಕ ಬಂದು ಕೇಳಿದ್ದಳು, ಪರೀಕ್ಷಕರ ಸಿಹಿತಿಂಡಿ ಡಬ್ಬಕ್ಕೆ ಬಸ್ಬೂಸಾ ಹಾಕಿಸೋದೋ ಕುನಾಫಾನೋ ಎಂದು. "ಎರಡೂ ಬೇಡಮ್ಮ." "ಬೇಡವಾ? ನಿನ್ನ ದೊಡ್ಡಪ್ಪನ ಮಗಳ ಪರೀಕ್ಷೆಗೆ ಇಡೀ ಟರ್ಕಿ ಕೋಳಿ ತಂದಿದ್ರು. ನಾವೇನು ಬಿಸ್ಕತ್ತು ಹಂಚಬೇಕಾ? ಜನ ಏನಂತಾರೆ?" ಜನ ಏನನ್ನುತ್ತಾರೆ ಎನ್ನುವುದು ಅಮ್ಮನಿಗೆ ಯಾವಾಗಲೂ ಮುಂಚೆಯೇ ಗೊತ್ತಿರುತ್ತಿತ್ತು. ಪರೀಕ್ಷಕರು ಏನು ಕೇಳುತ್ತಾರೆ ಎಂಬುದು ಇನಾಸ್‌ಗೂ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದಿತ್ತು. ಅವರು ಕೇಳಬಾರದ ಪ್ರಶ್ನೆ ಒಂದೇ ಒಂದು ಇತ್ತು. ಅಳತೆ ತೆಗೆದದ್ದು ಯಾವ ಹೊತ್ತಿನಲ್ಲಿ?

ಮೊದಲು ಬಂದವನು ಜೋಳದ ತೆನೆಯಂಥ ಹಲ್ಲಿನ ಒಬ್ಬ ಮುದುಕ ರೈತ. ಕಣ್ಣು ಜೋಮು ಹಿಡಿಸುವ ಹನಿ ಹಾಕಿ, ಹಳದಿ ಬಣ್ಣ ತಾಗಿಸಿ, ಗದ್ದವನ್ನು ಯಂತ್ರದ ಪಟ್ಟಿಯ ಮೇಲಿಡಿಸಿದಳು. ನೀಲಿ ಬೆಳಕು ಕಣ್ಣಿನ ಹತ್ತಿರ ಸರಿದು ಮುಟ್ಟಿದಾಗ ಕತ್ತಲೆಯಲ್ಲಿ ಎರಡು ಹಸಿರು ಅರೆಬಳೆಗಳು ಹೊಳೆದವು, ಒಂದು ಮೇಲೆ, ಒಂದು ಕೆಳಗೆ. ತಿರುಪು ತಿರುಗಿಸುತ್ತ ಹೋದರೆ ಅವೆರಡರ ಒಳ ಅಂಚುಗಳು ಕೂಡುತ್ತವೆ. ಕೂಡಿದಲ್ಲಿ ನಿಲ್ಲಿಸಿ ತಿರುಪಿನ ಮೇಲಿನ ಅಂಕಿ ಓದಬೇಕು, ಅಷ್ಟೇ. ಆದರೆ ಕೂಡಿದವು ಎಂದು ಹೇಳುವುದು ಯಂತ್ರವಲ್ಲ, ಈ ಕಡೆ ಕೂತವಳ ಕಣ್ಣು. ಪ್ರಬಂಧಕ್ಕೆಂದು ಅಳತೆ ತೆಗೆದ ರಂಜಾನಿನ ಆ ಸಂಜೆಗಳಲ್ಲಿ ತನ್ನ ಬೆರಳು ಒಂದು ಕೂದಲೆಳೆಯಷ್ಟು ಮುಂದೆ ಹೋಗಿತ್ತೇ? ಇಲ್ಲ. ಅದನ್ನವಳು ಪ್ರಮಾಣ ಮಾಡಿ ಹೇಳಬಲ್ಲಳು. ಬೆರಳು ಪ್ರಾಮಾಣಿಕವಾಗಿಯೇ ಇತ್ತು. ಸಂತೋಷ ಮಾತ್ರ ಪ್ರಾಮಾಣಿಕವಾಗಿರಲಿಲ್ಲ. ಅಂಕಿ ಇಪ್ಪತ್ತೊಂದರ ಮಿತಿಯನ್ನು ದಾಟಿದಾಗಲೆಲ್ಲ ಅವಳ ಎದೆಯೊಳಗೆ ಏನೋ ಮೆಲ್ಲಗೆ ಎದ್ದು ಕೂರುತ್ತಿತ್ತು, ಹಬ್ಬದ ಬೆಳಿಗ್ಗೆ ಹೊಸ ಚಪ್ಪಲಿ ನೋಡಿದ ಮಗುವಿನ ಹಾಗೆ. ಎದುರಿಗೆ ಒಂದು ಕಣ್ಣು ಕುರುಡಾಗುವ ದಾರಿಯಲ್ಲಿರಬಹುದು ಎಂದು ಯಂತ್ರ ಹೇಳುತ್ತಿದೆ, ಇವಳು ಒಳಗೊಳಗೇ ಹಿಗ್ಗುತ್ತಿದ್ದಾಳೆ. ರಬಾಬ್‌ಳ ಬಲಗಣ್ಣಲ್ಲಿ ಇಪ್ಪತ್ತನಾಲ್ಕು ಬಂದ ಸಂಜೆ ಇನಾಸ್ ಕಾರಿಡಾರಿಗೆ ಹೋಗಿ ಒಂದು ಖರ್ಜೂರ ತಿಂದು ಬಂದಿದ್ದಳು. ಆ ಖರ್ಜೂರದ ರುಚಿ ಈಗಲೂ ಬಾಯಲ್ಲಿತ್ತು.

"ನಂಗೆ ಏನಾಗಿದೆ ಡಾಕ್ಟ್ರಮ್ಮ?" ಮುದುಕ ಪಟ್ಟಿಯ ಮೇಲೆ ಗದ್ದ ಇಟ್ಟುಕೊಂಡೇ ಕೇಳಿದ.

"ಏನಿಲ್ಲ ಯಜಮಾನರೇ, ಹೊಗೆ."

"ಹೊಗೆ ಹಾಕಿದೋನು ನಾನೇ ಅಲ್ವಾ!" ಎಂದು ಅವನು ನಕ್ಕ. "ನಮ್ಮ ಗದ್ದೇದೇ. ನಮ್ಮ ಕಣ್ಣಿಗೇ ಬಂತು ನೋಡಿ."

ಅವನಿಗೆ ಹನಿ ಬರೆದುಕೊಟ್ಟಳು. ರಂಜಾನಿನಲ್ಲಿ ಊರೇ ಮಗ್ಗುಲು ಬದಲಿಸುತ್ತದೆ; ಹಗಲು ಅರೆನಿದ್ದೆಯಲ್ಲಿ ಕಳೆದು ಎಲ್ಲ ಕೆಲಸವೂ ಸೂರ್ಯ ಮುಳುಗಿದ ಮೇಲಕ್ಕೆ ಸರಿಯುತ್ತದೆ, ದರ್ಜಿಯ ಅಂಗಡಿಯಿಂದ ಹಿಡಿದು ದಂತವೈದ್ಯನವರೆಗೆ. ನರರೋಗ ವಿಭಾಗದವರು ತಮ್ಮ ಮೂರ್ಛೆಯ ರೋಗಿಗಳನ್ನು ಇಫ್ತಾರ್ ಆದ ಮೇಲೆ ಬರಹೇಳುತ್ತಿದ್ದರು. ಅಲ್ಲಿ ಮುಗಿಸಿ ಅವರು ನೇರ ಇನಾಸ್‌ಳ ಕೋಣೆಗೆ ಬರುತ್ತಿದ್ದರು, ತುಟಿಗಳಿನ್ನೂ ಒದ್ದೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಹುಣಸೆ ಪಾನಕ, ಬೆಳಗಿನಿಂದ ಒಂದು ಹನಿ ಇಳಿಯದ ಗಂಟಲಿಗೆ ಒಂದೇ ಉಸಿರಿಗೆ ಸುರಿದುಕೊಂಡ ನೀರು ಹೊಟ್ಟೆಯಲ್ಲಿ ಕುಲುಕುತ್ತಿತ್ತು. ಇನ್ನು ಮಾತ್ರೆ ನುಂಗದ, ಹೋಲಿಸಿ ನೋಡಲು ಬೇಕಾದ ಆರೋಗ್ಯವಂತರ ಗುಂಪು ಎಂದರೆ ಆಸ್ಪತ್ರೆಯ ಗುಮಾಸ್ತರು, ನರ್ಸುಗಳು, ಕಸ ಗುಡಿಸುವವರು. ಅವರು ಕೈಗೆ ಸಿಗುತ್ತಿದ್ದದ್ದು ಬೆಳಗಿನ ಪಾಳಿಯಲ್ಲಿ. ಬೆಳಿಗ್ಗೆ, ಉಪವಾಸದ ಒಣ ಬಾಯಲ್ಲಿ, ಆಕಳಿಸುತ್ತ ಬಂದು ಗದ್ದ ಇಟ್ಟು ಹೋದರು. ಎರಡು ಗುಂಪು, ಒಂದೇ ಯಂತ್ರ, ಒಂದೇ ಬೆರಳು. ಒಂದು ಒಣಗಿದ್ದು, ಇನ್ನೊಂದು ತುಂಬಿದ್ದು. ಆಗ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ರಂಜಾನಿನಲ್ಲಿ ಸಂಜೆ ನೀರು ಕುಡಿಯುವುದನ್ನು ಯಾರಾದರೂ ಗಮನಿಸುತ್ತಾರೆಯೇ? ಅದು ಉಸಿರಾಟದ ಹಾಗೆ.

ಗಮನಿಸಿದ್ದು ಹಬ್ಬ ಕಳೆದ ಮೇಲೆ. ಮಾತ್ರೆ ಇನ್ನೂ ಬದಲಾಗದ ಕೆಲವರನ್ನು ಮತ್ತೆ ಕರೆಸಿದಾಗ ಒತ್ತಡ ಇಳಿದಿತ್ತು. ಯಂತ್ರ ಕೆಟ್ಟಿದೆ ಅಂದುಕೊಂಡಳು, ಸರಿಮಾಡಿಸಿದಳು, ಯಂತ್ರ ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಂಜೆ, ರಂಜಾನಿನ ನಂತರದ ಐಚ್ಛಿಕ ಉಪವಾಸ ಹಿಡಿದಿದ್ದ ಅಮ್ಮ ಅಡುಗೆಮನೆಯಲ್ಲಿ ನಿಂತು ಬಾಂಗ್ ಕೇಳಿದ್ದೇ ಹೂಜಿಯನ್ನೆತ್ತಿ ಬಾಯಿಗಿಟ್ಟಳು. ಕತ್ತಿನ ಗಂಟು ಮೇಲೆ ಕೆಳಗೆ ಹೋಗಿ ಬರುತ್ತಿತ್ತು, ನಿಲ್ಲಲೇ ಇಲ್ಲ. ಇನಾಸ್ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಹಿಡಿದು ನೋಡುತ್ತ ನಿಂತುಬಿಟ್ಟಳು. ಒಂದು ಲೀಟರ್ ನೀರು ಕುಡಿಸಿ, ಅರ್ಧ ಗಂಟೆ ಬಿಟ್ಟು ಕಣ್ಣಿನ ಒತ್ತಡ ಅಳೆದರೆ ಅದು ಏರಿರುತ್ತದೆ. ಇದೊಂದು ಹಳೆಯ ಪರೀಕ್ಷೆ, ವಿದ್ಯಾರ್ಥಿನಿಯಾಗಿದ್ದಾಗ ಇದೇ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆದಿದ್ದಳು. "ಏನು ಹಾಗೆ ನೋಡ್ತೀಯ, ದೆವ್ವ ಕಂಡೋಳ ಹಾಗೆ?" ಎಂದಳು ಅಮ್ಮ, ತುಟಿ ಒರೆಸಿಕೊಂಡು. ಈರುಳ್ಳಿ ಎಂದಳು ಇನಾಸ್.

ತನ್ನ ಮಾರ್ಗದರ್ಶಕ ಪ್ರೊಫೆಸರ್ ಶಾಕಿರ್ ಅವರ ಬಳಿಗೆ ಹೋಗಿದ್ದಳು, ಹೋಗಲಿಲ್ಲ ಎಂದೇನೂ ಅಲ್ಲ. ಅವರು ಸಕ್ಕರೆ ಹಾಕದ ಚಹಾ ಕುಡಿಯುತ್ತ, ಬೇರೆ ಯಾರದೋ ಪ್ರಬಂಧದ ಮೇಲೆ ಗೀಚುತ್ತ ಕೂತಿದ್ದರು. ಅವಳು ಅರ್ಧ ಹೇಳಿದಳು. ಇನ್ನರ್ಧವನ್ನು ಅವರೇ ಊಹಿಸಲಿ ಎಂದು ಬಿಟ್ಟಳು. ಅವರು ಊಹಿಸಿದರು ಎಂಬುದು ಪೆನ್ನು ನಿಂತದ್ದರಿಂದ ಗೊತ್ತಾಯಿತು.

"ರಂಜಾನ್ ಎರಡೂ ಗುಂಪಿಗೆ ರಂಜಾನೇ ಅಲ್ವೇನಮ್ಮ?"

"ಹೌದು ಸರ್. ಆದರೆ ಹೊತ್ತು…"

"ಈ ಮಾತ್ರೆ ಮೇಲೆ ಮೊದಲೇ ಅನುಮಾನ ಇದೆ. ಇದನ್ನ ನುಂಗಿ ರಾತ್ರೋರಾತ್ರಿ ಕಣ್ಣು ಕಾಣದಂತಾದೋರನ್ನ ನಾನೇ ನೋಡಿದ್ದೀನಿ. ನೀನು ಹೊಸದಾಗಿ ಏನೂ ಕಂಡುಹಿಡಿದಿಲ್ಲ, ಸುಳ್ಳೂ ಹೇಳಿಲ್ಲ. ಅನುಮಾನ ಅಂತ ತಾನೆ ಬರೆದಿರೋದು? ಖಾಯಿಲೆ ಅಂತ ಬರೆದಿಲ್ಲವಲ್ಲ?"

"ಇಲ್ಲ ಸರ್."

"ಅನುಮಾನಕ್ಕೆ ಯಾರೂ ಸಾಕ್ಷಿ ಕೇಳಲ್ಲ, ನಜ್ಲಾ," ಎಂದರು. ಅವಳ ಹೆಸರು ನಜ್ಲಾ ಅಲ್ಲ. ನಜ್ಲಾ ಹಿಂದಿನ ವರ್ಷ ಪಾಸಾಗಿ ಹೋದವಳು. ಇನಾಸ್ ತಿದ್ದಲಿಲ್ಲ. ಯಾವ ಹೆಸರಿನಿಂದ ಕರೆದರೂ ಕೋಣೆಯಿಂದ ಬೇಗ ಹೊರಗೆ ಬಂದರೆ ಸಾಕಿತ್ತು. ಮೆಟ್ಟಿಲಿಳಿಯುವಾಗ ತನ್ನ ಮನಸ್ಸು ಹಗುರಾಗಿರುವುದನ್ನು ಕಂಡು, ಆ ಹಗುರಕ್ಕೆ ಅವಳಿಗೆ ಅಸಹ್ಯವಾಯಿತು. ಅಸಹ್ಯ ಕೆಳಗಿನ ಮಹಡಿಯವರೆಗೂ ಉಳಿಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ತೊಂದರೆ. ಆ ಮಾತ್ರೆ ಕೆಲವರ ಕಣ್ಣನ್ನು ನಿಜವಾಗಿಯೂ ಕೆಡಿಸುತ್ತದೆ. ರಬಾಬ್‌ಳದನ್ನು ಕೆಡಿಸಿತ್ತೇ ಎಂಬುದಷ್ಟೇ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಇನಾಸ್ ರಂಜಾನಿನಲ್ಲೇ ಅವಳಿಗೆ ಒತ್ತಡ ಇಳಿಸುವ ಹನಿ ಕೊಟ್ಟು, ನರರೋಗ ವಿಭಾಗಕ್ಕೆ ಎರಡು ಸಾಲು ಬರೆದು ಕಳಿಸಿದ್ದಳು: ಗ್ಲಾಕೋಮಾದ ಅನುಮಾನ, ಮಾತ್ರೆ ಬದಲಿಸುವುದು ಒಳ್ಳೆಯದು.

"ಇನ್ನು ಮುದುಕರೂ ಮುಗಿದ್ರು," ಎಂದಳು ತಹಾನಿ ಬಾಗಿಲಲ್ಲಿ ನಿಂತು. "ಆ ತಾಯಿ ಮಗಳು ಬೆಳಗಿನಿಂದ ಕೂತಿದ್ದಾರೆ. ಕಳ್ಸಲಾ, ಇಲ್ಲಾ ಮಧ್ಯಾಹ್ನದ ನಮಾಜು ಮುಗೀಲಿ ಅಂತ ಹೇಳ್ಲಾ?"

"ಕಳ್ಸು."

ತಾಯಿಯೇ ಮೊದಲು ಬಂದಳು. ಫಿಕ್ರಿಯಾ ಅವಳ ಹೆಸರು, ಹಜ್ ಮಾಡಿ ಬಂದವಳು, ಅಗಲ ಮೈಯ ಹೆಂಗಸು. ತಟ್ಟೆಯನ್ನು ಕನ್ನಡಕದ ಗಾಜುಗಳ ಪೆಟ್ಟಿಗೆಯ ಮೇಲೇ ಇಟ್ಟು, ಇನಾಸ್ ಏಳುವ ಮೊದಲೇ ಅವಳ ತಲೆ ಹಿಡಿದು ನೆತ್ತಿಗೆ ಮುತ್ತಿಟ್ಟಳು. ಬೆಣ್ಣೆಯ ವಾಸನೆ, ಬೆವರಿನ ವಾಸನೆ.

"ನನ್ನ ಮಗಳ ಕಣ್ಣು ಉಳಿಸಿದ ಕೈ ಇದು. ಅಲ್ಲಾ ನಿನ್ನನ್ನ ಚೆನ್ನಾಗಿಟ್ಟಿರಲಿ ತಾಯಿ. ಫತೀರ್ ರೊಟ್ಟಿ ಮಾಡ್ಕೊಂಡು ಬಂದಿದ್ದೀನಿ, ನಮ್ಮ ಎಮ್ಮೆಯ ಬೆಣ್ಣೇದು, ಅಂಗಡೀದಲ್ಲ. ಬಿಸಿ ಆರೋ ಮುಂಚೆ ತಿನ್ನು ಅಂತ ಬಂದ್ರೆ ನಿಮ್ಮ ನರ್ಸಮ್ಮ ಒಳಗೇ ಬಿಡಲಿಲ್ಲ."

"ಯಾಕೆ ತೊಂದರೆ ತಗೊಂಡ್ರಿ ಹಾಜಾ…"

"ತೊಂದ್ರೆಯಾ! ಕಣ್ಣಿಗಿಂತ ಹೆಚ್ಚಾ?"

ರಬಾಬ್ ಕುರ್ಚಿಯ ಅಂಚಿನಲ್ಲಿ ಕೂತಳು. ರಂಜಾನಿನಲ್ಲಿ ಬಂದಾಗ ತೆಳ್ಳಗೆ, ಕೆನ್ನೆ ಒಳಗೆ ಹೋಗಿ, ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಿದ್ದ ಹುಡುಗಿ. ಆ ಮಾತ್ರೆ ಹಸಿವನ್ನೂ ಪದಗಳನ್ನೂ ಕದಿಯುತ್ತದೆ. ಈಗ ಕೆನ್ನೆ ತುಂಬಿತ್ತು. ಇನಾಸ್ ಆ ಕೆನ್ನೆಯನ್ನು ಆಸೆಯಿಂದ ನೋಡಿದಳು, ಇಲ್ಲಿಯಾದರೂ ಏನೋ ಒಳ್ಳೆಯದಾಗಿದೆ ಎಂಬಂತೆ.

"ಹೇಗಿದ್ದೀಯ?"

"ಕೋಲಾದಲ್ಲಿ ಗುಳ್ಳೆ ವಾಪಸ್ ಬಂದಿದೆ," ಎಂದಳು ರಬಾಬ್. "ಹಳೇ ಮಾತ್ರೆಯಲ್ಲಿ ಕೋಲಾ ಕೊಳದ ನೀರಿನ ಹಾಗಿರ್ತಿತ್ತು. ಬೆರಳು ಜುಮ್ಮನ್ನಲ್ಲ. ಪದ ಎಲ್ಲಾ ಸಿಗತ್ತೆ. 'ಇಕ್ಕಳ' ಅನ್ನೋಕೆ ಮುಂಚೆ ಅರ್ಧ ದಿನ ಬೇಕಿತ್ತು." ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ಫಿಟ್ಸೂ ವಾಪಸ್ ಬಂದಿದೆ."

"ಬಂದ್ರೆ ಬರಲಿ," ಎಂದಳು ಫಿಕ್ರಿಯಾ. "ಫಿಟ್ಸ್ ಬರತ್ತೆ, ಹೋಗತ್ತೆ. ಕಣ್ಣು ಹೋದ್ರೆ ಬರತ್ತಾ?"

"ಸ್ಟೋವ್ ಮೇಲೆ ಕೈ ಇಟ್ಟುಬಿಟ್ಟೆ," ರಬಾಬ್ ಬ್ಯಾಂಡೇಜಿನ ಕೈ ಎತ್ತಿದಳು. "ಗದ್ದ ಶಾಲೆಯಲ್ಲಿ. ಶಿಶುವಿಹಾರದಲ್ಲಿ ನಾನು ಹಾಡು ಹೇಳಿಕೊಡೋದು, ನಿಮಗೆ ನೆನಪಿದ್ಯೋ ಇಲ್ವೋ. ಬಾತುಕೋಳಿ ಹಾಡು ಹೇಳ್ತಾ ಇದ್ದೆ. ಎದ್ದಾಗ ಮಕ್ಕಳೆಲ್ಲ ನೆಲದ ಮೇಲೆ ಬಿದ್ಕೊಂಡು ಕೈಕಾಲು ಬಡೀತಾ ಇದ್ರು, ನಾನು ಹೊಸ ಆಟ ಹೇಳ್ಕೊಟ್ಟೆ ಅಂದ್ಕೊಂಡು." ಅವಳು ನಗಲಿಲ್ಲ. "ಒಬ್ಬಳು ಮನೇಗೆ ಹೋಗಿ ಅವರಮ್ಮನಿಗೂ ಆಡಿ ತೋರಿಸಿದ್ಲಂತೆ. ಅವರಮ್ಮ ಶಾಲೆಗೆ ಬಂದ್ರು. ಈಗ ನಾನು ಮನೇಲಿದ್ದೀನಿ."

ಇನಾಸ್‌ಳ ಕಣ್ಣ ಮುಂದೆ ಆ ಕೋಣೆ ಬಂತು, ಗೋಡೆಯ ಮೇಲಿನ ಕಾಗದದ ಬಾತುಕೋಳಿಗಳು, ನೆಲದಲ್ಲಿ ಬಿದ್ದು ನಗುತ್ತ ನಡುಗುವ ಪುಟ್ಟ ಮೈಗಳು, ಅವುಗಳ ನಡುವೆ ನಗದೆ ನಡುಗುವ ಒಂದು ದೊಡ್ಡ ಮೈ. ಅವಳು ಹನಿಯ ಬಾಟಲಿಗಾಗಿ ಕೈ ಚಾಚಿದಳು. ಬಾಟಲಿ ಕೈಯಲ್ಲೇ ಇತ್ತು.

"ನಾನು ಯಾಕೆ ಬಂದೆ ಅಂದ್ರೆ," ರಬಾಬ್ ಹೇಳಿದಳು, "ನರಗಳ ಡಾಕ್ಟರನ್ನ ಹಳೇ ಮಾತ್ರೆ ಕೊಡಿ ಅಂತ ಕೇಳಿದೆ. ಕಣ್ಣಿನ ಡಾಕ್ಟರ್ ಒಪ್ಪಿದ್ರೆ ಕೊಡ್ತೀನಿ, ಇಲ್ಲದಿದ್ರೆ ನನ್ನ ತಲೆಗೆ ಬರತ್ತೆ ಅಂದ್ರು. ನೀವು ಒಪ್ಪಿಬಿಡಿ. ಒಂದು ಕಣ್ಣು ಹೋದ್ರೂ ಪರವಾಗಿಲ್ಲ. ಮಕ್ಕಳನ್ನ ನೋಡೋಕೆ ಒಂದು ಸಾಕು."

"ಬಾಯಿ ಮುಚ್ಚು!" ಫಿಕ್ರಿಯಾ ಮಗಳ ಭುಜಕ್ಕೆ ಹೊಡೆದಳು. "ಕೇಳಿದ್ಯಾ ಇವಳ ಮಾತು, ಡಾಕ್ಟರಮ್ಮ? ಕಣ್ಣು ಏನು ಬಳೆಯಾ, ಒಂದು ಒಡೆದ್ರೆ ಇನ್ನೊಂದು ಹಾಕ್ಕೊಳ್ಳೋಕೆ? ನೀನೇ ಬುದ್ಧಿ ಹೇಳು. ಆ ಹಾಳು ಮಾತ್ರೆ ವಿಷ ಅಂತ ಹೇಳು."

ಗದ್ದ ಇಡು ಎಂದಳು ಇನಾಸ್. ದೀಪ ಆರಿಸಿದಳು. ಕತ್ತಲೆಯಲ್ಲಿ ತಾಯಿ ಏನೋ ಪ್ರಾರ್ಥನೆ ಗುನುಗುವುದು ಕೇಳಿಸಿತು. ನೀಲಿ ಬೆಳಕು ಮುಟ್ಟಿತು, ಅರೆಬಳೆಗಳು ಮೂಡಿದವು, ತಿರುಪು ಸ್ವಲ್ಪವೇ ತಿರುಗಿಸಿದಳು, ಇನ್ನೂ ತಿರುಗಿಸಬೇಕಾಗುತ್ತದೆ ಎಂದುಕೊಳ್ಳುವಷ್ಟರಲ್ಲಿ ಅಂಚುಗಳು ಕೂಡಿಬಿಟ್ಟವು. ಹದಿನೈದು. ಎಡಗಣ್ಣಲ್ಲೂ ಅಷ್ಟೇ. ಇನ್ನೊಂದು ಗಾಜು ಹಿಡಿದು ಕಣ್ಣಿನ ಹಿಂದಿನ ನರವನ್ನು ನೋಡಿದಳು. ಅದರ ನಡುವಿನ ಗುಳಿ ಸ್ವಲ್ಪ ಅಗಲ, ರಂಜಾನಿನಲ್ಲಿ ಇದ್ದಷ್ಟೇ. ಹುಟ್ಟಿನಿಂದಲೇ ಹಾಗಿರುವ ಎಷ್ಟೋ ಕಣ್ಣುಗಳಿವೆ, ಅವರೆಲ್ಲ ಮುದುಕರಾಗಿ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾರೆ. ಆಗ ಇದೇ ಗುಳಿಯ ಪಕ್ಕದಲ್ಲಿ ಅವಳು 'ಅನುಮಾನಾಸ್ಪದ' ಎಂದು ಬರೆದಿದ್ದಳು. ಬರೆಯುವಾಗ ಆ ಪದ ಎಷ್ಟು ಜಾಣವೆನ್ನಿಸಿತ್ತು. ತಪ್ಪಾದರೂ ತಪ್ಪಲ್ಲ, ಸರಿಯಾದರೂ ಸರಿ.

ಕತ್ತಲೆಯಲ್ಲಿ ಮುಖ ಕಾಣದ ಆ ಕೆಲವು ಕ್ಷಣ ಅವಳಿಗೆ ಒಂದು ದಾರಿ ಹೊಳೆಯಿತು. ಆ ದಾರಿ ಎಷ್ಟು ಸಲೀಸಾಗಿತ್ತೆಂದರೆ, ಬೆಳಗಿನಿಂದ ಅವಳು ಅದನ್ನೇ ಹುಡುಕುತ್ತಿದ್ದಳೇನೋ. ಈ ಹುಡುಗಿಗೆ ಮಾತ್ರೆ ಸಿಗಬೇಕು. ಸಿಗಲಿ. ಗುರುವಾರವೂ ಸಾಗಬೇಕು. ಸಾಗಲಿ. ಯಾರಿಗೂ ಏನೂ ಆಗಬೇಕಿಲ್ಲ. ದೀಪ ಹಾಕಿ, ಇಬ್ಬರ ಕಡೆಗೂ ನೋಡಿ ನಕ್ಕಳು.

"ಒಳ್ಳೇ ಸುದ್ದಿ. ನಾನು ಕೊಟ್ಟಿದ್ದ ಹನಿ ಚೆನ್ನಾಗಿ ಕೆಲಸ ಮಾಡಿದೆ. ಒತ್ತಡ ಪೂರ್ತಿ ಹತೋಟಿಗೆ ಬಂದಿದೆ. ಹನಿ ಹಾಕ್ಕೊಂಡೇ ಹಳೇ ಮಾತ್ರೆ ತಗೋಬಹುದು, ತೊಂದ್ರೆ ಇಲ್ಲ. ನಾನು ಬರೆದುಕೊಡ್ತೀನಿ."

ಫಿಕ್ರಿಯಾ ಎರಡೂ ಕೈ ಮೇಲೆತ್ತಿ ದೇವರಿಗೆ ವಂದಿಸಿದಳು. ರಬಾಬ್ ವಂದಿಸಲಿಲ್ಲ. ಇನಾಸ್‌ಳ ಮುಖವನ್ನೇ ನೋಡಿದಳು, ಮಕ್ಕಳಲ್ಲಿ ಯಾವನು ಬಣ್ಣದ ಪೆನ್ಸಿಲ್ ಕದ್ದಿದ್ದಾನೆ ಎಂದು ನೋಡುವ ಹಾಗೆ.

"ಯಾವ ಹನಿ?"

"ಸಂಜೆ ಬೆಳಿಗ್ಗೆ ಹಾಕ್ಕೋ ಅಂದಿದ್ದೆನಲ್ಲ."

"ಅದನ್ನ ಒಂದೇ ಸಲ ಹಾಕ್ಕೊಂಡಿದ್ದು. ಮೆಣಸಿನಕಾಯಿ ಹಾಗೆ ಉರೀತು. ಬಚ್ಚಲಿಗೆ ಚೆಲ್ಲಿಬಿಟ್ಟೆ."

"ಚೆಲ್ಲಿದ್ಯಾ?" ಫಿಕ್ರಿಯಾಳ ಮೇಲೆತ್ತಿದ ಕೈ ಹಾಗೇ ನಿಂತಿತು. "ದಿನಾ ಕೇಳ್ತಿದ್ದೆ, ಹಾಕ್ಕೊಂಡ್ಯಾ, ಹಾಕ್ಕೊಂಡೆ. ಹಾಕ್ಕೊಂಡ್ಯಾ, ಹಾಕ್ಕೊಂಡೆ. ಕತ್ತೆ!"

"ಹಾಗಾದ್ರೆ," ರಬಾಬ್ ತಾಯಿಯ ಕಡೆ ತಿರುಗಲೇ ಇಲ್ಲ, "ಹನಿ ಇಲ್ದೇನೇ ಇಳಿದಿದೆ. ಹೇಗೆ ಇಳೀತು ಡಾಕ್ಟರ್?"

ಮಾತ್ರೆ ಬಿಟ್ಟಿದ್ದರಿಂದ ಇಳಿಯಿತು ಎನ್ನಬಹುದಿತ್ತು. ಆಗ ಮಾತ್ರೆ ಸಿಗುವುದಿಲ್ಲ. ಅದು ಎಷ್ಟು ಸರಳವಾದ ಎರಡು ಬಾಗಿಲು ಎಂದು ಇನಾಸ್ ಬೆರಗಾದಳು; ಒಂದರಲ್ಲಿ ಚಿನ್ನದ ಅಕ್ಷರದ ಕಪ್ಪು ರಟ್ಟು, ಇನ್ನೊಂದರಲ್ಲಿ ಬಾತುಕೋಳಿ. ನಡುವೆ ಗೋಡೆಯಿತ್ತು, ಕಿಂಡಿ ಇರಲಿಲ್ಲ. ಇದ್ದ ಒಂದು ಕಿಂಡಿಯನ್ನು ಈ ಹುಡುಗಿ ಬಚ್ಚಲಿಗೆ ಚೆಲ್ಲಿದ್ದಳು. ನಗು ಬಂದಂತಾಯಿತು. ಅಮ್ಮ ಈ ಹೊತ್ತಿಗೆ ಕುನಾಫಾದ ಅಂಗಡಿಯಲ್ಲಿ ನಿಂತು ಡಬ್ಬದ ಮೇಲೆ ಮಗಳ ಹೆಸರು ಯಾವ ಬಣ್ಣದಲ್ಲಿ ಬರೆಸಲಿ ಎಂದು ಯೋಚಿಸುತ್ತಿರಬೇಕು. ಹೇಳಬಾರದು ಎಂದು ಅವಳು ತೀರ್ಮಾನಿಸಿದಳು. ತೀರ್ಮಾನಿಸುತ್ತಿದ್ದ ಹಾಗೆಯೇ ತನ್ನ ದನಿ ಕೇಳಿಸಿತು.

"ಆ ಸಂಜೆ ನೀನು ಇಲ್ಲಿಗೆ ಬರೋ ಮುಂಚೆ ಏನು ಕುಡಿದಿದ್ದೆ?"

"ಯಾವ ಸಂಜೆ?"

"ರಂಜಾನಿನಲ್ಲಿ. ಅಳತೆ ತೆಗೆದ ದಿನ."

ರಬಾಬ್ ಯೋಚಿಸಿದಳು. "ಬಾಂಗ್ ಆದಾಗ ನಾವಿನ್ನೂ ಮೈಕ್ರೋಬಸ್ಸಲ್ಲಿದ್ವಿ. ರಸ್ತೇಲಿ ಹುಡುಗರು ಕಿಟಕೀಗೆ ಪಾನಕದ ಚೀಲ ಎಸೀತಿದ್ರಲ್ಲ, ಅದು ಎರಡು ಕುಡಿದೆ. ಆಮೇಲೆ ಇಲ್ಲಿ ಗೇಟಿನ ಹತ್ತಿರ ತಣ್ಣೀರಿನ ನಲ್ಲಿ… ತುಂಬಾ ಕುಡಿದೆ. ಹಳೇ ಮಾತ್ರೆಗೆ ನೀರು ಜಾಸ್ತಿ ಕುಡೀಬೇಕು, ಇಲ್ಲದಿದ್ರೆ ಕಿಡ್ನಿಯಲ್ಲಿ ಕಲ್ಲಾಗತ್ತೆ ಅಂದಿದ್ರು. ಇಡೀ ದಿನದ್ದು ಒಂದೇ ಸಲ ಕುಡಿದೆ."

"ಅದೇ," ಎಂದಳು ಇನಾಸ್.

"ಏನು ಅದೇ?"

"ಒಟ್ಟಿಗೆ ಅಷ್ಟು ನೀರು ಕುಡಿದ್ರೆ ಸ್ವಲ್ಪ ಹೊತ್ತು ಕಣ್ಣಿನ ಒತ್ತಡ ಏರತ್ತೆ. ಯಾರಿಗಾದ್ರೂ. ಆಮೇಲೆ ತಾನಾಗೇ ಇಳಿಯತ್ತೆ. ನಾನು ಏರಿದಾಗ ಅಳೆದೆ. ಮಾತ್ರೆ ತಗೊಳ್ಳೋ ನಿಮ್ಮೆಲ್ಲರನ್ನೂ ಏರಿದಾಗಲೇ ಅಳೆದೆ. ಮಾತ್ರೆ ತಗೊಳ್ಳದವರನ್ನ ಬೆಳಿಗ್ಗೆ ಅಳೆದೆ, ಒಣ ಬಾಯಲ್ಲಿ. ನಿನ್ನ ಕಣ್ಣಿಗೆ ಆ ಮಾತ್ರೆ ಏನಾದ್ರೂ ಮಾಡಿದೆ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಆಗಲೂ ಇರಲಿಲ್ಲ."

ಬಾಗಿಲ ಬಳಿ ತಹಾನಿ ನಿಂತಿದ್ದಳು. ಯಾವಾಗ ಬಂದಳೋ. ಮಧ್ಯಾಹ್ನದ ಬಾಂಗ್ ಹೊಗೆಯೊಳಗಿಂದ ಒಂದಾದ ಮೇಲೊಂದು ಮಸೀದಿಯಿಂದ ಏಳುತ್ತಿತ್ತು, ಒಂದರ ಕೊನೆ ಇನ್ನೊಂದರ ಮೊದಲಿಗೆ ಸಿಕ್ಕಿಹಾಕಿಕೊಳ್ಳುತ್ತ.

"ನೀರಾ?" ಎಂದಳು ಫಿಕ್ರಿಯಾ.

"ನೀರು."

"ನಾನು ಕುಡಿಯೋ ನೀರು?"

"ಹೌದು ಹಾಜಾ."

"ನಿಂಗೆ ಯಾವಾಗ ಗೊತ್ತಾಯ್ತು?" ಕೇಳಿದ್ದು ರಬಾಬ್. ಮೊದಲ ಸಲ ಏಕವಚನಕ್ಕೆ ಇಳಿದಿದ್ದಳು. ಅದು ಅವಳಿಗೇ ತಿಳಿದಂತಿರಲಿಲ್ಲ.

ಇಂದು, ಎನ್ನಬಹುದಿತ್ತು. ಈಗ ತಾನೆ. "ಹಬ್ಬ ಆದ ಮೇಲೆ," ಎಂದಳು ಇನಾಸ್.

ಹಬ್ಬ ಆದ ಮೇಲೆ ಎಂದರೆ ಬೇಸಿಗೆ. ಹೊಲಿಗೆಗಿಂತ ಮುಂಚೆ, ಸ್ಟೋವಿಗಿಂತ ಮುಂಚೆ. ರಬಾಬ್ ಅದನ್ನು ಮನಸ್ಸಿನಲ್ಲೇ ಒಂದಕ್ಕೊಂದು ಕೂಡಿಸುವುದು ಅವಳ ಹುಬ್ಬಿನಲ್ಲಿ ಕಾಣಿಸಿತು. ಬೈದರೆ ಒಳ್ಳೆಯದಿತ್ತು. ಇನಾಸ್ ಬೈಗುಳಕ್ಕಾಗಿ ಕಾದಳು, ತನ್ನೊಳಗೆ ಅದಕ್ಕೊಂದು ಜಾಗ ಮಾಡಿಕೊಂಡು, ಒಂದು ರೀತಿಯ ಆಸೆಯಿಂದ. ಬೈದರೆ ಲೆಕ್ಕ ಸ್ವಲ್ಪ ತೀರುತ್ತದೆ, ತಾನೂ ಅಳಬಹುದು. ರಬಾಬ್ ಆ ಸುಖ ಕೊಡಲಿಲ್ಲ. ಪರ್ಸಿನಿಂದ ಫೋನ್ ತೆಗೆದು ಬೆರಳಾಡಿಸತೊಡಗಿದಳು.

"ನಾನು ನಾಳೆ ಕರೀತೀನಿ ಎಲ್ಲರನ್ನೂ," ಇನಾಸ್ ಹೇಳಿದಳು. "ನಿನಗೆ ಈಗಲೇ ಬರೆದುಕೊಡ್ತೀನಿ…"

"ನಾಳೆ ಯಾಕೆ? ಆ ಸಂಜೆಗಳಲ್ಲಿ ಇದೇ ಬೆಂಚ್ ಮೇಲೆ ಒಟ್ಟಿಗೆ ಕೂತಿರ್ತಿದ್ವಲ್ಲ ನಾವೆಲ್ಲ. ಖರ್ಜೂರ ಹಂಚ್ಕೊಂಡಿದ್ದೀವಿ, ನಂಬರೂ ಹಂಚ್ಕೊಂಡಿದ್ದೀವಿ. ಹಬ್ಬಕ್ಕೆ ಎಲ್ಲರೂ ಮೆಸೇಜ್ ಕಳ್ಸಿದ್ರು. ತಲ್ಖಾ ಊರಿನ ಬಯೂಮಿ ಮಾಮನಿಗೂ ಅನುಮಾನ ಅಂದಿದ್ರಿ, ಅಲ್ವಾ? ಕ್ಷೌರಿಕರು. ಅವರು ಪಾಪ ಏನಾಗಿದ್ದಾರೋ." ಫೋನನ್ನು ಮೇಜಿನ ಮೇಲೆ, ಫತೀರಿನ ಪಕ್ಕದಲ್ಲಿಟ್ಟು ಸ್ಪೀಕರ್ ಒತ್ತಿದಳು. "ನೀವೇ ಮಾತಾಡಿ."

ಗಂಟೆ ಹೊಡೆಯಿತು. ಇನಾಸ್ ಎದ್ದು ಬಾಗಿಲು ಹಾಕಬೇಕೆಂದುಕೊಂಡಳು. ತಹಾನಿಯನ್ನು ಒಳಗೆ ಬಿಟ್ಟುಕೊಂಡು ಹಾಕಬೇಕೋ, ಹೊರಗಿಟ್ಟು ಹಾಕಬೇಕೋ ತಿಳಿಯದೆ ಕೂತೇ ಇದ್ದಳು. ಪ್ರೊಫೆಸರ್ ಶಾಕಿರ್ ಅವರ ಕೋಣೆ ಇದರ ನೇರ ಮೇಲಿತ್ತು. ಅವರ ಕುರ್ಚಿ ಸರಿಯುವ ಸದ್ದು ಕೆಲವೊಮ್ಮೆ ಇಲ್ಲಿಗೆ ಕೇಳಿಸುತ್ತಿತ್ತು. ಫೋನಿನಲ್ಲಿ ರೇಡಿಯೋದ ಗದ್ದಲ, ಕತ್ತರಿ ಗಾಳಿಯಲ್ಲೇ ಕಚಕಚ ಆಡುವ ಸದ್ದು, ಆಮೇಲೆ ದಪ್ಪ ದನಿ.

"ರಬಾಬ್ ಮೇಡಂ! ನಮ್ಮ ಬಡವರ ನೆನಪು ಹೇಗೆ ಬಂತು?"

"ಬಯೂಮಿ ಮಾಮ, ಕಣ್ಣಿನ ಡಾಕ್ಟರ್ ಮಾತಾಡ್ತಾರಂತೆ."

"ಯಾವೋರು? ಆ ಸಣ್ಣಗಿರೋ, ನಗದೇ ಇರೋ ಡಾಕ್ಟರಾ?"

"ನಾನೇ," ಎಂದಳು ಇನಾಸ್. ತಹಾನಿ ನಗು ತಡೆಯಲು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ, ತಪ್ಪು ತಿಳ್ಕೋಬೇಡಿ ತಾಯಿ. ಪ್ರೀತಿಯಿಂದ ಅಂದಿದ್ದು. ಏನಪ್ಪಣೆ?"

"ಬಯೂಮಿಯವರೇ, ನಾನು ನಿಮಗೆ ಕಣ್ಣಲ್ಲಿ ಅನುಮಾನ ಇದೆ, ಮಾತ್ರೆ ನಿಲ್ಲಿಸಬೇಕು ಅಂದಿದ್ದೆ. ಅದು…" ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದು ನನ್ನ ತಪ್ಪು. ಅಳತೆ ತಪ್ಪಾಗಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲದೆ ಇರಬಹುದು. ಇನ್ನೊಂದು ಸಲ ಬಂದು ತೋರಿಸಿ. ನೀವು ಮಾತ್ರೆ ನಿಲ್ಲಿಸಿದ ಮೇಲೆ ಫಿಟ್ಸ್ ಏನಾದ್ರೂ…"

ಆ ಕಡೆಯಿಂದ ಒಂದು ದೊಡ್ಡ ನಗು ಬಂತು. ಅಂಗಡಿಯಲ್ಲಿದ್ದ ಬೇರೆ ಯಾರೋ ಸಹ, ವಿಷಯ ಗೊತ್ತಿಲ್ಲದೆಯೇ, ಜೊತೆಗೆ ನಕ್ಕರು.

"ನಿಲ್ಲಿಸೋದಾ? ಯಾರು ನಿಲ್ಲಿಸಿದ್ದು? ಕತ್ತಿ ಹಿಡಿಯೋ ಕೈ ತಾಯಿ ನಂದು. ಗಿರಾಕಿ ಕುತ್ತಿಗೆ ಮೇಲೆ ಕತ್ತಿ ಇಟ್ಟಾಗ ಫಿಟ್ಸ್ ಬಂದ್ರೆ ಅವನು ಹೋದ, ನಾನು ಜೈಲು! ನೀವು ಹೇಳಿದ್ದು ಈ ಕಿವೀಲಿ ಕೇಳ್ದೆ, ಆ ಕಿವೀಲಿ ಬಿಟ್ಟೆ. ಅವತ್ತು ನಿಮ್ಮ ಹತ್ರ ಬರೋವಾಗ ಒಂದು ಹೂಜಿ ಹುಣಸೆ ಪಾನಕ ಹೊಟ್ಟೇಲಿ, ಬಗ್ಗಿ ಗದ್ದ ಇಡೋಕಾಗ್ದೆ ಒದ್ದಾಡ್ತಿದ್ದೀನಿ, ನೀವು ಕಣ್ಣಲ್ಲಿ ಒತ್ತಡ ಅಂತೀರಿ. ನಂಗೆ ಒತ್ತಡ ಇದ್ದಿದ್ದು ಬೇರೆ ಕಡೆ! ಆಸ್ಪತ್ರೇಲಿ ಮಾತ್ರೆ ಕೊಡಲ್ಲ ಅಂದ್ರು, ಹೊರಗೆ ಕೊಂಡ್ಕೊಂಡೆ. ಅಲ್‌ಹಮ್ದುಲಿಲ್ಲಾ, ಗಟ್ಟಿಯಾಗಿದ್ದೀನಿ. ನಿಮ್ಮ ಡಾಕ್ಟರ ಮಾತು ಕೇಳಿ ಕೂತಿದ್ರೆ ನಮ್ಮಂಥೋರು ಬದುಕೋದುಂಟಾ?"

ಇನಾಸ್‌ಗೆ ಮೊದಲು ಬಂದದ್ದು ಸಮಾಧಾನ. ಒಬ್ಬನಾದರೂ ತನ್ನನ್ನು ನಂಬಿರಲಿಲ್ಲ. ಆ ಸಮಾಧಾನದಲ್ಲೇ ತಲೆಯೆತ್ತಿ ಎದುರಿದ್ದವರನ್ನು ನೋಡಿದಳು, ನೋಡಬಾರದಿತ್ತು. ರಬಾಬ್ ತಾಯಿಯ ಕಡೆ ತಿರುಗಿದ್ದಳು. ಫಿಕ್ರಿಯಾ ಗೋಡೆಗೆ ಒರಗಿ ನಿಂತಿದ್ದಳು. ಇಷ್ಟು ಹೊತ್ತು ಕೋಣೆ ತುಂಬಿದ್ದ ಹೆಂಗಸು ಈಗ ಗೋಡೆಯ ಅಗಲಕ್ಕೂ ಸಾಲುತ್ತಿರಲಿಲ್ಲ.

"ಮೂರು ಡಬ್ಬ ಇತ್ತು ಮನೇಲಿ," ಎಂದಳು ಅವಳು ಯಾರಿಗೂ ಅಲ್ಲದೆ. "ಇವಳು ಕೈ ಮುಗಿದು ಅತ್ಲು. ಎಸೀಬೇಡ ಅಂದ್ಲು. ನಾನೇ ಕಾಲುವೆಗೆ ಹಾಕಿದೆ. ಡಾಕ್ಟರು ಓದಿದೋರು, ನೀನೇನು ಬಲ್ಲೆ ಅಂದೆ."

"ಅಮ್ಮಾ," ಎಂದಳು ರಬಾಬ್.

"ಹಲೋ? ಯಾರದು ಮಾತಾಡ್ತಿರೋದು?" ಫೋನಿನಲ್ಲಿ ಬಯೂಮಿ ಇನ್ನೂ ನಗುತ್ತಲೇ ಇದ್ದ, ಕತ್ತರಿ ಕಚಕಚ ಅನ್ನುತ್ತಲೇ ಇತ್ತು. "ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ ಡಾಕ್ಟರಮ್ಮ? ಯಾರಾದ್ರೂ ನಿಜವಾಗ್ಲೂ ನಿಲ್ಲಿಸಿಬಿಟ್ರಾ ಏನು?"

ಇನಾಸ್ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಫಿಕ್ರಿಯಾ ಗೋಡೆ ಬಿಟ್ಟು ಬಂದು, ಕಿವಿ ಕೇಳದವರ ಜೊತೆ ಮಾತಾಡುವ ಹಾಗೆ ಮೇಜಿನ ಮೇಲೆ ಬಗ್ಗಿ, ಫೋನಿಗೆ ಬಾಯಿಟ್ಟು ಹೇಳಿದಳು.

"ನಾವು ನಿಲ್ಲಿಸಿದ್ವಪ್ಪ."

ಆ ಕಡೆ ಕತ್ತರಿಯ ಸದ್ದು ನಿಂತಿತು.